ಶಿವನಸಮುದ್ರದ ವಿದ್ಯುತ್ತೂ ಕಾವೇರಿಯ ವ್ಯಾಜ್ಯವೂ

ಕಾವೇರಿಯು ಶಿವನಸಮುದ್ರದ ಬಳಿ ಇಬ್ಭಾಗವಾಗಿ, ನಡುವೆ ದೊಡ್ಡದೊಂದು ನಡುಗಡ್ಡೆಯನ್ನು ಬಿಟ್ಟು, ಒಂದು ಕಡೆ ಗಗನಚುಕ್ಕಿಯೆಂದೂ ಮತ್ತೊಂದು ಕಡೆ ಭರಚುಕ್ಕಿಯೆಂದೂ ಹೆಸರು ಪಡೆದು, 300 ಅಡಿಗೂ ಮಿಗಿಲಾದ ಆಳಕ್ಕೆ ಧುಮುಕಿ, ಕೆಳಗಣ ಕಮರಿಯಲ್ಲಿ ಮತ್ತೆ ಒಂದಾಗಿ ಮುಂದೆ ಸಾಗುವುದು. ಯಾತ್ರಿಕರಿಗೆ ಇದು ಪುಣ್ಯಸ್ಥಳ. ವಿಹಾರಾರ್ಥಿಗಳಿಗೆ ನೋಟದ ಸ್ಥಳ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಇದೇ ಧುಮುಕನ್ನು ಲೆಕ್ಕದ ಕಣ್ಣಿನಿಂದ ನೋಡಿದವರು ಕೆಲವರು ಹುಟ್ಟಿಕೊಂಡರು. ಇಷ್ಟು ನೀರು ಇಷ್ಟು ಎತ್ತರದಿಂದ ಬಿದ್ದರೆ ಎಷ್ಟು ಕುದುರೆಗಳ ಬಲವಾದೀತೆಂಬುದೇ ಅವರ ಪ್ರಶ್ನೆ. ಆ ಪ್ರಶ್ನೆಗೆ ದೊರೆತ ಉತ್ತರದಿಂದ ಕನ್ನಡನಾಡಿನಲ್ಲಿ ಮೊದಲು ಬೆಳಕು ಹುಟ್ಟಿತು. ಅದರ ಬೆನ್ನಲ್ಲೇ, ಇಂದಿಗೂ ಹೊತ್ತಿ ಉರಿಯುತ್ತಿರುವ ಒಂದು ವ್ಯಾಜ್ಯವೂ ಬಲವಾಗಿ ಬೆಳೆಯಿತು.

ಇಂದಿನ ದಿನಗಳಲ್ಲಿ ಭೂಮಿಯ ಉಷ್ಣವು ಏರುತ್ತಿರುವುದನ್ನೂ, ಕಲ್ಲಿದ್ದಲಿನ ಹೊಗೆಯೇ ಅದಕ್ಕೆ ಮುಖ್ಯ ಕಾರಣವೆಂಬುದನ್ನೂ, ಆದಕಾರಣ ಹೊಗೆಯಿಲ್ಲದ ಶಕ್ತಿಯನ್ನು ನೆಚ್ಚಬೇಕೆಂಬುದನ್ನೂ ಕುರಿತು ರಾಷ್ಟ್ರಗಳ ಮಹಾಸಭೆಗಳಲ್ಲಿ ವಾದವಿವಾದಗಳು ನಡೆಯುತ್ತಿರುವುದನ್ನು ವಾಚಕರು ಬಲ್ಲರು. 1992ರಲ್ಲಿ ರಿಯೋ ನಗರದಲ್ಲಿ ಸೇರಿದ ರಾಷ್ಟ್ರಗಳು, ಹೊಣೆ ಎಲ್ಲರದೂ ಆದರೂ ಎಲ್ಲರದೂ ಒಂದೇ ಸಮನಲ್ಲವೆಂಬ ತತ್ತ್ವವನ್ನು ಒಪ್ಪಿದವು. 1997ರ ಕ್ಯೋಟೋ ಒಪ್ಪಂದವೂ 2015ರ ಪ್ಯಾರಿಸ್ ಒಪ್ಪಂದವೂ ಆ ತತ್ತ್ವದ ಸುತ್ತಲೇ ಸುಳಿದಾಡಿದವು. ಯಾರು ಕೊಡಬೇಕು, ಯಾರು ಪಡೆಯಬೇಕು, ಯಾರು ತಾಳಬೇಕು ಎಂಬುದೇ ಅಲ್ಲಿಯ ಜಗಳದ ತಿರುಳು. ಈ ಜಗಳವನ್ನು ತಿಳಿಯಬೇಕೆಂಬುವವರು ದೂರದ ನಗರಗಳಿಗೆ ಹೋಗಬೇಕಾದುದಿಲ್ಲ. ಒಂದು ನದಿಯ ಒಂದು ಧುಮುಕಿನ ಚರಿತ್ರೆಯಲ್ಲಿ ಅದರ ಬಹುಪಾಲು ಅಡಗಿದೆ.

ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ಕೋಲಾರದ ಚಿನ್ನದ ನೆಲದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಆಂಗ್ಲ ವ್ಯವಸ್ಥಾಪಕರು 1880ರಿಂದೀಚೆಗೆ ಗಣಿಗಳನ್ನು ಆಳಕ್ಕೆ ತೋಡಿಸಲು ತೊಡಗಿದಾಗ, ನೀರನ್ನು ಮೇಲಕ್ಕೆತ್ತುವುದಕ್ಕೂ ಅದಿರನ್ನು ಅರೆಯುವುದಕ್ಕೂ ಬೇಕಾದ ಉಗಿಯಂತ್ರಗಳಿಗೆ ಉರುವಲೇ ದೊಡ್ಡ ಚಿಂತೆಯಾಯಿತು. ಮೊದಲು ಸುತ್ತಲ ಕಾಡುಗಳ ಸೌದೆ ಬೂದಿಯಾಯಿತು. ಆಮೇಲೆ ದೂರದ ಸೀಮೆಗಳಿಂದ ರೈಲಿನ ಮೇಲೆ ಕಲ್ಲಿದ್ದಲು ಬಂದಿತು. ಗಣಿ ಆಳವಾದಷ್ಟೂ ಖರ್ಚು ಏರುವುದು. ಖರ್ಚು ಏರಿದಷ್ಟೂ ಲಾಭ ಇಳಿಯುವುದು. ಗಣಿಗಳ ಲಾಭ ಇಳಿದರೆ ಸಂಸ್ಥಾನಕ್ಕೂ ಕಷ್ಟವೇ, ಏಕೆಂದರೆ ತೆಗೆದ ಚಿನ್ನದ ಬೆಲೆಯಲ್ಲಿ ನೂರಕ್ಕೆ ಐದರಂತೆ ರಾಜಧನವು ಮೈಸೂರಿನ ಬೊಕ್ಕಸಕ್ಕೆ ಸೇರುತ್ತಿತ್ತು.

ಆ ಬೊಕ್ಕಸದ ಸ್ಥಿತಿಯನ್ನೂ ನೆನೆಯಬೇಕು. 1876–78ರ ಮಹಾಕ್ಷಾಮವು ಸಂಸ್ಥಾನದ ಲಕ್ಷಗಟ್ಟಲೆ ಪ್ರಜೆಗಳನ್ನು ನುಂಗಿ, 80 ಲಕ್ಷ ರೂಪಾಯಿಗಳ ಸಾಲವನ್ನು ಬಿಟ್ಟುಹೋಗಿತ್ತು. 1881ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಮರಳಿ ಬಂದಾಗ, ಬ್ರಿಟಿಷ್ ಸರ್ಕಾರಕ್ಕೆ ವರ್ಷಂಪ್ರತಿ ಸಲ್ಲಿಸಬೇಕಾದ ಪೊಗದಿಯನ್ನು 24½ ಲಕ್ಷದಿಂದ 35 ಲಕ್ಷಕ್ಕೆ ಏರಿಸಲಾಯಿತು. ಕ್ಷಾಮದ ಕಾರಣದಿಂದ ಈ ಏರಿಕೆಯು 1896ರವರೆಗೆ ತಡೆಹಿಡಿಯಲ್ಪಟ್ಟಿದ್ದರೂ, ಆ ವರ್ಷದಿಂದ ತಪ್ಪದೆ ಸಲ್ಲಬೇಕಾಯಿತು. 1883ರಿಂದ ದಿವಾನಗಿರಿಯನ್ನು ನಿರ್ವಹಿಸುತ್ತಿದ್ದ ಸರ್ ಕೆ. ಶೇಷಾದ್ರಿ ಐಯರವರಿಗೆ ಹೊಸ ಆದಾಯದ ಮೂಲವೊಂದು ಬೇಕಾಗಿತ್ತು. ಬೀಳುವ ನೀರನ್ನು ಮಾರಬಹುದೆಂಬುದು ಅವರಿಗೆ ಹೊಳೆದುದು ಈ ಸಂದರ್ಭದಲ್ಲಿ. ಹೊಗೆಯನ್ನು ತಪ್ಪಿಸಬೇಕೆಂಬ ಆಲೋಚನೆ ಆ ಕಾಲದಲ್ಲಿ ಯಾರಿಗೂ ಇರಲಿಲ್ಲ. ವಿಚಿತ್ರವೇನೆಂದರೆ, ಪೊಗದಿ ಏರಿದ ಆ 1896ನೆಯ ಇಸವಿಯಲ್ಲಿಯೇ ಸ್ವೀಡನ್ ದೇಶದ ಸ್ವಾಂಟೆ ಅರ್ಹೇನಿಯಸ್ ಎಂಬ ಪಂಡಿತರು, ಗಾಳಿಯಲ್ಲಿ ಇಂಗಾಲಾಮ್ಲವು ಹೆಚ್ಚಿದರೆ ಭೂಮಿಯ ಉಷ್ಣವು ಎಷ್ಟು ಹೆಚ್ಚೀತೆಂಬುದನ್ನು ಗಣಿತದಿಂದ ತೋರಿಸಿ ಪ್ರಬಂಧವನ್ನು ಪ್ರಕಟಿಸಿದ್ದರು. ಆ ಪ್ರಬಂಧಕ್ಕೂ ಮೈಸೂರಿನ ಕಚೇರಿಯ ಕಡತಕ್ಕೂ ಯಾವ ಸಂಬಂಧವೂ ಇರಲಿಲ್ಲ. ಮೈಸೂರಿನವರನ್ನು ನೀರಿನ ಕಡೆಗೆ ತಿರುಗಿಸಿದುದು ಕಲ್ಲಿದ್ದಲಿನ ಬೆಲೆ, ಅಷ್ಟೆ.

ಯೋಜನೆಯನ್ನು ರೂಪಿಸಿದವರು ಕ್ಯಾಪ್ಟನ್ ಎ. ಸಿ. ಜೋಲಿ ಡಿ ಲಾಟ್ಬಿನಿಯರ್ ಎಂಬ ಸೇನಾ ಇಂಜಿನಿಯರು. ಕೆನಡಾ ದೇಶದ ಕ್ವಿಬೆಕ್ ಸೀಮೆಯವರಾದ ಇವರು ಮೈಸೂರಿನಲ್ಲಿ ಉಪ ಮುಖ್ಯ ಇಂಜಿನಿಯರಾಗಿದ್ದರು. ಅಮೆರಿಕದ ನಯಾಗರಾ ಜಲಪಾತದ ಶಕ್ತಿಯು 1896ರಲ್ಲಿ ತಂತಿಗಳ ಮೂಲಕ ಬಫೆಲೊ ನಗರಕ್ಕೆ ಹರಿದಿದ್ದ ಸುದ್ದಿ ಲೋಕಕ್ಕೆಲ್ಲ ತಿಳಿದಿತ್ತು. ಆದರೆ ಬಫೆಲೊ ಇದ್ದುದು ಇಪ್ಪತ್ತು ಚಿಲ್ಲರೆ ಮೈಲಿಗಳ ದೂರದಲ್ಲಿ. ಶಿವನಸಮುದ್ರಕ್ಕೂ ಚಿನ್ನದ ಗಣಿಗಳಿಗೂ ನಡುವಣ ಅಂತರವೋ 92 ಮೈಲಿ. ಅಷ್ಟು ದೂರಕ್ಕೆ ಶಕ್ತಿಯನ್ನು ಕಳುಹಬಹುದೇ, ದಾರಿಯಲ್ಲಿ ಸೋರಿಹೋಗದೇ ಎಂದು ಸಂದೇಹಪಟ್ಟವರು ಬಹುಮಂದಿ. 1899ರಲ್ಲಿ ಲಾಟ್ಬಿನಿಯರವರು ಯೂರೋಪು ಅಮೆರಿಕಗಳಿಗೆ ಹೋಗಿ, ಅಲ್ಲಿಯ ಕಾರ್ಖಾನೆಗಳನ್ನು ಕಣ್ಣಾರೆ ಕಂಡು, ಯಂತ್ರ ತಯಾರಿಸುವವರೊಡನೆ ಮಾತನಾಡಿ ಹಿಂದಿರುಗಿದರು. ವಿದ್ಯುದ್ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯೂ, ನೀರಿನ ಚಕ್ರಗಳನ್ನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯೂ ಒದಗಿಸಲು ಒಪ್ಪಿದವು. ಬ್ರಿಟಿಷ್ ಚಕ್ರಾಧಿಪತ್ಯದ ಆಶ್ರಯದಲ್ಲಿದ್ದ ಸಂಸ್ಥಾನವೊಂದು ಇಂಗ್ಲೆಂಡನ್ನು ಬಿಟ್ಟು ಬೇರೆ ದೇಶಗಳಿಂದ ಯಂತ್ರ ತರಿಸಿದುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಇದಕ್ಕಿಂತ ಮುಖ್ಯವಾದುದು ಕರಾರಿನ ಮಾತು. ಗಣಿಯವರು ಕೊಳ್ಳುತ್ತೇವೆಂದು ಮುಂಚಿತವಾಗಿ ಬರೆದುಕೊಡದಿದ್ದರೆ ಸರ್ಕಾರವು ಹಣ ಹೂಡುವಂತಿರಲಿಲ್ಲ; ಸರ್ಕಾರವು ತಪ್ಪದೆ ಒದಗಿಸುತ್ತೇವೆಂದು ಬರೆದುಕೊಡದಿದ್ದರೆ ಗಣಿಯವರು ಉಗಿಯಂತ್ರಗಳನ್ನು ಬಿಡುವಂತಿರಲಿಲ್ಲ. ಮೊದಲಿಗೆ 4,000 ಅಶ್ವಶಕ್ತಿಯನ್ನು ಗಣಿಗಳ ಬಾಗಿಲಿಗೆ ತಲುಪಿಸುವುದೆಂದು ಗೊತ್ತಾಯಿತು. ತಪ್ಪದೆ ಒದಗಿಸುವ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲವೂ ಅದರಿಂದಲೇ ಬೆಳೆದುದು.

1900ರಲ್ಲಿ ಕೆಲಸವು ಆರಂಭವಾಯಿತು. ರೈಲಿನ ಮೇಲೆ ಸಾಮಾನು ಬರುತ್ತಿದ್ದುದು ಮದ್ದೂರಿನವರೆಗೆ. ಅಲ್ಲಿಂದ ಮುಂದೆ ಭಾರಿ ಕೊಳಾಯಿಗಳನ್ನೂ ಯಂತ್ರದ ಭಾಗಗಳನ್ನೂ ಎತ್ತುಗಳೂ ಆನೆಗಳೂ ಎಳೆದು ತಂದವು. ಕಾಡುಜ್ವರವು ಕೂಲಿಗಳನ್ನು ಬಿಡದೆ ಕಾಡಿತು. ಕೆಲವೇ ವರ್ಷಗಳ ಹಿಂದೆ, 1898ರಲ್ಲಿ, ಬೆಂಗಳೂರು ಮೈಸೂರುಗಳನ್ನು ಹೊಕ್ಕಿದ್ದ ಪ್ಲೇಗಿನ ಭಯವೂ ಇನ್ನೂ ಮಾಸಿರಲಿಲ್ಲ. ಜಲಪಾತದ ಮೇಲ್ಗಡೆಯಿಂದ ನಾಲೆಗಳಲ್ಲಿ ನೀರನ್ನು ತಿರುಗಿಸಿ, ಗುಡ್ಡದ ನೆತ್ತಿಗೆ ತಂದು, ಅಲ್ಲಿಂದ ಉಕ್ಕಿನ ಕೊಳಾಯಿಗಳೊಳಗೆ ಕೆಳಗಣ ಚಕ್ರಗಳ ಮೇಲೆ ಬೀಳಿಸುವುದು ಏರ್ಪಾಡು. ಹೀಗೆ ಹುಟ್ಟಿದ ವಿದ್ಯುತ್ತನ್ನು 30,000 ವೋಲ್ಟಿಗೂ ಮೇಲ್ಪಟ್ಟ ಒತ್ತಡಕ್ಕೆ ಏರಿಸಿ, ಕಂಬಗಳ ಮೇಲಣ ತಂತಿಗಳಲ್ಲಿ ಕೋಲಾರದ ದಿಕ್ಕಿಗೆ ಹರಿಯಿಸಲಾಯಿತು. 1902ನೆಯ ಇಸವಿ ಜೂನ್ 30ರಂದು ಗಣಿಗಳಿಗೆ ಶಕ್ತಿಯು ಮುಟ್ಟಿತು.

ಅದನ್ನು ಕಾಣಲು ಶೇಷಾದ್ರಿ ಐಯರವರು ಉಳಿದಿರಲಿಲ್ಲ. ದೇಹಾಲಸ್ಯದಿಂದ 1901ರ ಮಾರ್ಚಿಯಲ್ಲಿ ಅಧಿಕಾರವನ್ನು ಬಿಟ್ಟ ಅವರು ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ಆಡಳಿತದ ಕೊನೆಯ ದಿನಗಳಲ್ಲಿ, ಪಿ. ಎನ್. ಕೃಷ್ಣಮೂರ್ತಿಯವರ ದಿವಾನಗಿರಿಯಲ್ಲಿ, ಕಾರ್ಯವು ಕೈಗೂಡಿತು. ವಿದ್ಯುದಾಗಾರಕ್ಕೆ ಈಗ ಇರುವುದು ಶೇಷಾದ್ರಿ ಐಯರವರ ಹೆಸರು.

ಈ ಪ್ರಸಂಗವನ್ನು ವರ್ಣಿಸುವವರು ಅನೇಕರು ಶಿವನಸಮುದ್ರವನ್ನು ಭಾರತದ ಮೊದಲನೆಯ ಜಲವಿದ್ಯುತ್ ಕೇಂದ್ರವೆಂದೂ, ಅದರ ತಂತಿಯ ದಾರಿಯನ್ನು ಆಗಿನ ಲೋಕದಲ್ಲೆಲ್ಲ ಉದ್ದವಾದುದೆಂದೂ ಬರೆಯುವುದುಂಟು. ಅಭಿಮಾನವು ಒಳ್ಳೆಯದೇ, ಆದರೆ ಡಾರ್ಜಿಲಿಂಗಿನ ಬೆಟ್ಟದಲ್ಲಿ 1897ರಲ್ಲಿಯೇ ಚಿಕ್ಕದೊಂದು ಜಲವಿದ್ಯುತ್ ಕೇಂದ್ರವು ನಡೆಯತೊಡಗಿತ್ತು, ಕ್ಯಾಲಿಫೋರ್ನಿಯಾ ಸೀಮೆಯಲ್ಲಿ 1901ರಲ್ಲಿ ಸುಮಾರು 140 ಮೈಲಿಗಳ ದೂರಕ್ಕೆ ಶಕ್ತಿಯನ್ನು ಕಳುಹಿದ್ದರು. ದೊಡ್ಡ ಪ್ರಮಾಣದಲ್ಲಿ ವ್ಯಾಪಾರಕ್ಕಾಗಿ ಶಕ್ತಿಯನ್ನು ಉತ್ಪಾದಿಸಿ ಅಷ್ಟು ದೂರಕ್ಕೆ ಕಳುಹಿದ ಕಾರ್ಯಗಳಲ್ಲಿ ನಮ್ಮ ದೇಶದಲ್ಲಿ ಇದೇ ಮೊದಲನೆಯದೆಂದರೆ ಸಾಕು. ಅಷ್ಟರಿಂದ ಇದರ ಗೌರವಕ್ಕೆ ಯಾವ ಕುಂದೂ ಇಲ್ಲ. ಇಲ್ಲಿ ಪಳಗಿದವರು ಬೇರೆಡೆಗೂ ಹೋದರು. ಲಾಟ್ಬಿನಿಯರವರು ಕಾಶ್ಮೀರದಲ್ಲಿ ಝೀಲಮ್ ನದಿಯ ವಿದ್ಯುತ್ ಕಾರ್ಯವನ್ನು ನಡೆಸಿದರು. ಇಲ್ಲಿ ವಿದ್ಯುತ್ ಶಾಖೆಯ ಹೊಣೆ ಹೊತ್ತಿದ್ದ ಎಚ್. ಪಿ. ಗಿಬ್ಸ್ ಎಂಬುವರು ಮುಂದೆ ಬೊಂಬಾಯಿಯ ತಾತಾ ಅವರ ಜಲವಿದ್ಯುತ್ ಕಾರ್ಯಕ್ಕೆ ಸೇರಿದರು.

ಗಣಿಗಳಿಗೆ ಮೊದಲು, ಊರುಗಳಿಗೆ ಆಮೇಲೆ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಹತ್ತಿದವು. 1908ರಲ್ಲಿ ಮೈಸೂರು ನಗರಕ್ಕೆ ಆ ಭಾಗ್ಯವು ಬಂದಿತು. ಶಿವನಸಮುದ್ರದಿಂದ ಕೋಲಾರದವರೆಗೆ ತಂತಿಯು ಎಷ್ಟೋ ಹಳ್ಳಿಗಳ ನೆತ್ತಿಯ ಮೇಲೆ ಹಾದುಹೋಗುತ್ತಿದ್ದರೂ, ಆ ಹಳ್ಳಿಗಳವರು ಬಹುಕಾಲ ಹರಳೆಣ್ಣೆಯ ಹಣತೆಯಲ್ಲೋ ಸೀಮೆಎಣ್ಣೆಯ ಬುಡ್ಡಿಯಲ್ಲೋ ಕಾಲ ಕಳೆದರು. ದೀಪದ ಕೆಳಗೆ ಕತ್ತಲೆಯೆಂಬ ಗಾದೆಗೆ ಇದಕ್ಕಿಂತ ಅಕ್ಷರಶಃ ನಿದರ್ಶನ ದೊರೆಯಲಾರದು. ಹಾಗೆಂದು ಆ ಕಾಲದ ಅಧಿಕಾರಿಗಳನ್ನು ಕೇವಲ ನಿಂದಿಸುವುದೂ ನ್ಯಾಯವಲ್ಲ. ಕೊಳ್ಳುವವರಿಲ್ಲದ ಕಡೆಗೆ ತಂತಿಯೆಳೆಯುವ ಹಣ ಸಂಸ್ಥಾನದಲ್ಲಿರಲಿಲ್ಲ. ಗಣಿಯವರ ಹಣದಿಂದಲೇ ಬೆಂಗಳೂರಿನ ದೀಪಗಳು ಸಾಧ್ಯವಾದವು.

ಗಣಿಗಳ ಹಸಿವು ವರ್ಷವರ್ಷಕ್ಕೂ ಬೆಳೆಯಿತು. ಒಂದಾದ ಮೇಲೊಂದರಂತೆ ಯಂತ್ರಗಳನ್ನು ಕೂಡಿಸುತ್ತ ಹೋದರೂ, ಯಂತ್ರ ಹೆಚ್ಚಿದಂತೆ ನೀರು ಹೆಚ್ಚುವುದಿಲ್ಲವಷ್ಟೆ. ಮುಂಗಾರಿನಲ್ಲಿ ಕಾವೇರಿಯು ಮೇರೆ ಮೀರಿ ಹರಿಯುವಳು. ಬೇಸಗೆಯಲ್ಲಿ ಬಂಡೆಗಳ ನಡುವೆ ಬಡಕಲಾಗುವಳು. ಕೊಟ್ಟ ಮಾತಿನಂತೆ ವರ್ಷವೆಲ್ಲ ಶಕ್ತಿಯನ್ನು ಒದಗಿಸಬೇಕಾದರೆ ಮಳೆಗಾಲದ ನೀರನ್ನು ಎಲ್ಲಿಯಾದರೂ ಹಿಡಿದಿಟ್ಟುಕೊಳ್ಳಬೇಕು. 1909ರಲ್ಲಿ ಮುಖ್ಯ ಇಂಜಿನಿಯರಾಗಿ ಬಂದ ಎಂ. ವಿಶ್ವೇಶ್ವರಯ್ಯನವರು ಕನ್ನಂಬಾಡಿಯ ಬಳಿ ಅಣೆಕಟ್ಟಿನ ಯೋಜನೆಯನ್ನು ಮುಂದಿಟ್ಟುದು ಹೀಗೆ. ಅದರಿಂದ ಮಂಡ್ಯದ ಒಣ ಸೀಮೆಗೆ ನೀರು ಹಾಯಿಸಬೇಕೆಂಬುದೂ ಅವರ ಮನಸ್ಸಿನಲ್ಲಿದ್ದಿತು. ಆದರೆ ಭಾರತ ಸರ್ಕಾರದೆದುರಿಗೆ ವಾದವನ್ನು ಗೆಲ್ಲಲು ಬಲವಾದ ಆಯುಧವಾಗಿ ಒದಗಿದುದು ಚಿನ್ನದ ಗಣಿಗಳ ಅಗತ್ಯವೇ. ಗಣಿಗಳು ಆಂಗ್ಲರವು; ಅವುಗಳಿಗೆ ಶಕ್ತಿ ಸಾಲದೆ ಹೋದರೆ ಲಂಡನ್ನಿನಲ್ಲಿ ಕೂಗೇಳುವುದು. ಮಂಡ್ಯದ ರೈತನ ಕೂಗು ಅಷ್ಟು ದೂರಕ್ಕೆ ಕೇಳುವಂತಿರಲಿಲ್ಲ.

ಇಲ್ಲಿ ಮದ್ರಾಸಿನವರ ಪಕ್ಷವನ್ನೂ ಹೇಳಬೇಕು. ತಂಜಾವೂರಿನ ರೈತರು ಶತಮಾನಗಳಿಂದ ಕಾವೇರಿಯ ನೀರನ್ನು ನೆಚ್ಚಿ ಭತ್ತ ಬೆಳೆಯುತ್ತಿದ್ದವರು. ಮೇಲ್ಗಡೆ ಹೊಸ ಕಟ್ಟೆಗಳು ಎದ್ದರೆ ತಮಗೇನು ಗತಿಯೆಂದು ಅವರು ಭಯಪಟ್ಟುದು ಸಹಜ. ಈ ಭಯದ ಫಲವಾಗಿಯೇ 1892ರ ಫೆಬ್ರವರಿ 18ರಂದು, ಮೈಸೂರಿನವರು ಗೊತ್ತಾದ ನದಿಗಳ ಮೇಲೆ ಹೊಸ ನೀರಾವರಿ ಕಾರ್ಯಗಳನ್ನು ಮದ್ರಾಸಿನ ಸಮ್ಮತಿಯಿಲ್ಲದೆ ಕೈಕೊಳ್ಳತಕ್ಕದ್ದಲ್ಲವೆಂದು ಕರಾರಾಗಿದ್ದಿತು. ಶಿವನಸಮುದ್ರದ ವಿದ್ಯುತ್ ಕಾರ್ಯದಿಂದ ನೀರಿಗೆ ಲೋಪವಿರಲಿಲ್ಲ. ಚಕ್ರವನ್ನು ತಿರುಗಿಸಿದ ನೀರು ಒಂದು ಬೊಗಸೆಯೂ ಕಡಿಮೆಯಾಗದೆ ಮತ್ತೆ ನದಿಗೆ ಸೇರುವುದು. ಅದರಲ್ಲಿ ಕಳೆಯುವುದು ಎತ್ತರ ಮಾತ್ರ. ಕಟ್ಟೆಯ ಮಾತು ಬೇರೆ. ಹಿಡಿದಿಟ್ಟ ನೀರನ್ನು ಚಕ್ರಕ್ಕೂ ಬಿಡಬಹುದು, ನಾಲೆಗೂ ಬಿಡಬಹುದು. ನಾಲೆಗೆ ಬಿಟ್ಟ ನೀರು ಕೆಳಗಣವರಿಗೆ ಹಿಂದಿರುಗಿ ಬಾರದು. ಮದ್ರಾಸಿನವರಿಗೂ ಮೆಟ್ಟೂರಿನಲ್ಲಿ ಇನ್ನೂ ದೊಡ್ಡ ಕಟ್ಟೆಯನ್ನು ಕಟ್ಟುವ ಆಶೆಯಿದ್ದುದರಿಂದ ಈ ಶಂಕೆಗೆ ಸ್ವಾರ್ಥದ ಹರಿತವೂ ಸೇರಿತು.

ಭಾರತ ಸರ್ಕಾರವು 11 ಸಾವಿರ ದಶಲಕ್ಷ ಘನ ಅಡಿ ನೀರು ಹಿಡಿಯುವ ಮೊದಲ ಹಂತಕ್ಕೆ ಮಾತ್ರ ಅಪ್ಪಣೆ ಕೊಟ್ಟಿತು. 1911ರ ನವೆಂಬರಿನಲ್ಲಿ ಕೆಲಸವು ಆರಂಭವಾಯಿತು. ಆದರೆ ಮೈಸೂರಿನವರು ಅಡಿಪಾಯವನ್ನು ಹಾಕಿದುದು ಮುಂದಿನ ಹಂತದ ಪೂರ್ತಿ ಎತ್ತರಕ್ಕೆ ತಕ್ಕ ಅಗಲದಲ್ಲಿ. ಇದನ್ನು ದೂರದೃಷ್ಟಿಯೆಂದು ಮೈಸೂರಿನವರೂ ಮೋಸವೆಂದು ಮದ್ರಾಸಿನವರೂ ಕರೆದರು. ಎರಡೂ ಮಾತುಗಳಲ್ಲಿ ಸ್ವಲ್ಪ ಸ್ವಲ್ಪ ಸತ್ಯವಿರುವುದೆಂದು ಹೇಳಿದರೆ ಯಾರಿಗೂ ಸಮಾಧಾನವಾಗಲಾರದು. ಆದರೂ ಸಂಗತಿಯು ಹಾಗೆಯೇ ಇದೆ. ಅಡಿಪಾಯವನ್ನು ಒಮ್ಮೆ ಕಿರಿದಾಗಿ ಹಾಕಿದ ಮೇಲೆ ಕಟ್ಟೆಯನ್ನು ಎತ್ತರಿಸುವುದು ಯಾವ ಇಂಜಿನಿಯರಿಗೂ ಸುಲಭವಲ್ಲ. ಅಪ್ಪಣೆಯಿಲ್ಲದ ಎತ್ತರಕ್ಕೆ ಅಡಿಪಾಯ ಹಾಕುವುದು ಯಾವ ನೆರೆಯವನಿಗೂ ಸಹ್ಯವಲ್ಲ.

ವಿವಾದವು ಪಂಚಾಯಿತಿಗೆ ಹೋಯಿತು. ಅಲಹಾಬಾದಿನ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದ ಸರ್ ಎಚ್. ಡಿ. ಗ್ರಿಫಿನ್ ಅವರು ನೀರಾವರಿ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ನೆದರ್ಸೋಲರ ನೆರವಿನಿಂದ ವಿಚಾರಣೆ ನಡೆಸಿ 1914ರ ಮೇ ತಿಂಗಳಲ್ಲಿ ತೀರ್ಪಿತ್ತರು. ತೀರ್ಪು ಬಹುಮಟ್ಟಿಗೆ ಮೈಸೂರಿಗೆ ಅನುಕೂಲವಾಗಿದ್ದಿತು. 1916ರಲ್ಲಿ ಭಾರತ ಸರ್ಕಾರವೂ ಅದನ್ನು ಸ್ಥಿರಪಡಿಸಿತು. ಮದ್ರಾಸಿನವರು ಸುಮ್ಮನಾಗಲಿಲ್ಲ, ಲಂಡನ್ನಿನಲ್ಲಿ ಭಾರತಮಂತ್ರಿಯವರ ಬಳಿಗೆ ಅಪೀಲು ಹೋಗಿ, ಮುಗಿದ ವ್ಯಾಜ್ಯವನ್ನು ಮತ್ತೆ ತೆರೆಯಿಸಿದರು. ಹೀಗೆ ನ್ಯಾಯದಲ್ಲಿ ಗೆದ್ದ ಪಕ್ಷವು ಮತ್ತೆ ಮಾತುಕತೆಗೆ ಕೂಡಬೇಕಾಯಿತು. ಒಂದು ಕಡೆ ಬ್ರಿಟಿಷರ ನೇರ ಆಳಿಕೆಯ ಪ್ರಾಂತ. ಮತ್ತೊಂದು ಕಡೆ ಅವರ ರಕ್ಷಣೆಯಲ್ಲಿರುವ ಸಂಸ್ಥಾನ. ಮೇಲೆ ಕುಳಿತು ನಿರ್ಣಯಿಸುವವರೂ ಅವರೇ. ಈ ತಕ್ಕಡಿಯು ಎತ್ತ ವಾಲುವುದೆಂಬುದನ್ನು ಊಹಿಸಲು ಹೆಚ್ಚು ಪಾಂಡಿತ್ಯ ಬೇಕಿಲ್ಲ.

1924ರ ಫೆಬ್ರವರಿ 18ರಂದು ಒಪ್ಪಂದವು ಮುಗಿಯಿತು. ಹಿಂದಿನ ಕರಾರಿನ ದಿನಕ್ಕೆ ಸರಿಯಾಗಿ ಮೂವತ್ತೆರಡು ವರ್ಷಗಳು ಸಂದಿದ್ದವು. ಮೈಸೂರಿನವರು ಕೃಷ್ಣರಾಜಸಾಗರವನ್ನು 124 ಅಡಿಗಳ ಎತ್ತರಕ್ಕೆ ಪೂರ್ತಿಗೊಳಿಸಬಹುದು. ಅದರ ಕೆಳಗೆ 1,25,000 ಎಕರೆಗಳಿಗೆ ಹೊಸದಾಗಿ ನೀರು ಕೊಡಬಹುದು. ಮದ್ರಾಸಿನವರು ಮೆಟ್ಟೂರು ಜಲಾಶಯವನ್ನು ಕಟ್ಟಿ 3,01,000 ಎಕರೆಗಳಿಗೆ ವಿಸ್ತರಿಸಿಕೊಳ್ಳಬಹುದು. ಕೆಲವು ಷರತ್ತುಗಳನ್ನು 50 ವರ್ಷಗಳ ನಂತರ ಪುನಃ ವಿಚಾರಮಾಡತಕ್ಕದ್ದು. ಎಕರೆಗಳ ಈ ಲೆಕ್ಕವನ್ನು ಕಂಡ ಮೈಸೂರಿನವರಿಗೆ, ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ ಎಂಬ ಗಾದೆ ನೆನಪಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಒಪ್ಪಂದವಿಲ್ಲದಿದ್ದರೆ ಕನ್ನಂಬಾಡಿಯ ಕಟ್ಟೆಯು ಪೂರ್ತಿಯ ಎತ್ತರಕ್ಕೆ ಏಳುತ್ತಿರಲಿಲ್ಲವೆಂಬುದನ್ನೂ ಮರೆಯಲಾಗದು. ಐವತ್ತು ವರ್ಷಗಳು 1974ರಲ್ಲಿ ತುಂಬಿದವು, ಮಾತುಕತೆಗಳು ಫಲಿಸಲಿಲ್ಲ, 1990ರಲ್ಲಿ ನ್ಯಾಯಮಂಡಲಿಯು ಏರ್ಪಟ್ಟಿತು, 2007ರಲ್ಲಿ ಅದರ ಕೊನೆಯ ತೀರ್ಪು, 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪು. ಈಚಿನ ಈ ಸಂಗತಿಗಳು ವಾಚಕರ ನೆನಪಿನಲ್ಲಿರುವುದರಿಂದ ವಿಸ್ತರಿಸಬೇಕಾದುದಿಲ್ಲ.

ಪಕ್ಷಪ್ರತಿಪಕ್ಷಗಳ ಈ ಕಾಗದಗಳಲ್ಲೆಲ್ಲ ಹುಡುಕಿದರೂ ಮೂರನೆಯವರೊಬ್ಬರ ದನಿ ಬಹು ಕ್ಷೀಣವಾಗಿ ಕೇಳಿಬರುವುದು. ಅವರು ನೀರಿನಡಿಯಲ್ಲಿ ಊರು ಕಳೆದುಕೊಂಡವರು. ಕನ್ನಂಬಾಡಿಯ ಹಳೆಯ ಊರೂ ಅದರ ಸುತ್ತಲಣ ಹಳ್ಳಿಗಳೂ ಮುಳುಗಿದವು. ಅಲ್ಲಿಯ ವೇಣುಗೋಪಾಲಸ್ವಾಮಿಯ ದೇವಸ್ಥಾನವು ದಶಕಗಳ ಕಾಲ ನೀರೊಳಗಿದ್ದು, ಮಳೆ ಹೋದ ವರ್ಷಗಳಲ್ಲಿ ಮಾತ್ರ ತಲೆಯೆತ್ತಿ ಕಾಣಿಸಿಕೊಳ್ಳುತ್ತಿತ್ತು. ದೇವಾಲಯದ ಕಲ್ಲುಗಳನ್ನು ಬಿಚ್ಚಿ ದಡದ ಮೇಲೆ ಮತ್ತೆ ಜೋಡಿಸಿರುವುದು ಇತ್ತೀಚಿನ ಕಾರ್ಯ. ಅದೇ ಕಾಲದಲ್ಲಿ, 1921ರಲ್ಲಿ, ಪುಣೆಯ ಬಳಿ ಮುಳಶಿಯಲ್ಲಿ ತಾತಾ ಅವರ ವಿದ್ಯುತ್ ಕಟ್ಟೆಗೆ ಭೂಮಿ ಕೊಡಲೊಲ್ಲದ ಮಾವಳೆ ರೈತರು ಸೇನಾಪತಿ ಬಾಪಟರ ಮುಂದಾಳುತನದಲ್ಲಿ ಸತ್ಯಾಗ್ರಹ ಹೂಡಿದ್ದರು. ಬೊಂಬಾಯಿಯ ಗಿರಣಿಗಳಿಗೆ ಹೊಗೆಯಿಲ್ಲದ ಶಕ್ತಿ ಬೇಕು, ಅದಕ್ಕಾಗಿ ಮುಳಶಿಯ ಗದ್ದೆಗಳು ಮುಳುಗಬೇಕು. ಸತ್ಯಾಗ್ರಹವು ಸೋತಿತು, ಕಟ್ಟೆಯು ಎದ್ದಿತು.

ಕಾವೇರಿಯಲ್ಲಿ ಕಲಿತ ಪಾಠವನ್ನು ಮೈಸೂರಿನವರು ಶರಾವತಿಗೆ ಒಯ್ದರು. ಜೋಗದ ಬಳಿ 1939ರಲ್ಲಿ ಆರಂಭವಾದ ಕಾರ್ಯವು ಯುದ್ಧದ ಅಡಚಣೆಗಳನ್ನು ದಾಟಿ 1948ರ ಫೆಬ್ರವರಿಯಲ್ಲಿ ಫಲಕ್ಕೆ ಬಂದು, ಮಹಾತ್ಮ ಗಾಂಧಿಯವರ ಹೆಸರನ್ನು ಪಡೆಯಿತು. ಅದಕ್ಕಾಗಿ ಕಟ್ಟಿದ ಹಿರೇಭಾಸ್ಕರದ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿಯ ಮಹಾಜಲಾಶಯವು ತುಂಬಿದಾಗ ತಾನೇ ನೀರಿನಲ್ಲಿ ಮುಳುಗಿತು. ಒಂದು ಕಟ್ಟೆಯನ್ನು ಮತ್ತೊಂದು ಕಟ್ಟೆಯು ನುಂಗಿದ ಈ ಸಂಗತಿಯನ್ನು ಕಂಡವರು, ಬೇಸಗೆಯಲ್ಲಿ ಅದರ ತಲೆ ಹೊರಬಿದ್ದಾಗ ದೋಣಿಯಲ್ಲಿ ಹೋಗಿ ನೋಡಿ ಬರುವುದುಂಟು. ಶರಾವತಿಯ ಹತ್ತು ಯಂತ್ರಗಳು ಸೇರಿ 1,035 ಮೆಗಾವಾಟ್ ಶಕ್ತಿಯನ್ನು ಕೊಡುವುವು. ಬೆಂಗಳೂರಿನ ಕಾರ್ಖಾನೆಗಳ ಬೆಳವಣಿಗೆಗೆ ಇದೇ ಆಧಾರವಾಯಿತು. ಸಾಗರ ಹೊಸನಗರ ಸೀಮೆಗಳ ಸಾವಿರಾರು ಸಂಸಾರಗಳು ಅಡಕೆಯ ತೋಟ, ಗದ್ದೆ, ಮನೆದೇವರುಗಳನ್ನು ಬಿಟ್ಟು, ಸರ್ಕಾರವು ತೋರಿಸಿದ ಕಾಡುಗಳಲ್ಲಿ ನೆಲೆಸಿದವು. ಆ ಕಾಡು ಕಾಗದದ ಮೇಲೆ ಕಾಡಾಗಿಯೇ ಉಳಿಯಿತು. ಅಲ್ಲಿ ಮನೆ ಕಟ್ಟಿ, ಮಕ್ಕಳು ಮೊಮ್ಮಕ್ಕಳನ್ನು ಕಂಡವರ ಹಕ್ಕುಪತ್ರದ ತಗಾದೆಯು ಅರುವತ್ತು ವರ್ಷಗಳು ಕಳೆದರೂ ಪೂರ್ತಿಯಾಗಿ ಮುಗಿದಿಲ್ಲ. ನಾಡಿಗೆ ಬೆಳಕು ಕೊಟ್ಟವರ ಹಾಡಿಗಳು ಎಷ್ಟೋ ಕಾಲ ಕತ್ತಲೆಯಲ್ಲಿದ್ದುದನ್ನು ಮಲೆನಾಡಿನವರು ಇಂದಿಗೂ ಮರೆತಿಲ್ಲ.

ಹೀಗೆ ಬಹುಕಾಲ ಕರ್ಣಾಟಕದ ವಿದ್ಯುತ್ತೆಲ್ಲವೂ ಮುಖ್ಯವಾಗಿ ನೀರಿನದೇ ಆಗಿದ್ದಿತು. ಅದರ ಬಲಹೀನತೆಯೂ ಅಲ್ಲಿಯೇ ಇದ್ದಿತು. ಮಳೆ ಹೋದ ವರ್ಷ ವಿದ್ಯುತ್ತೂ ಹೋಗುವುದು. ಇದಕ್ಕೆ ಪರಿಹಾರವೆಂದು 1985ರಲ್ಲಿ ರಾಯಚೂರಿನ ಬಳಿ ಕಲ್ಲಿದ್ದಲಿನ ಕೇಂದ್ರವು ಆರಂಭವಾಯಿತು. ಕಲ್ಲಿದ್ದಲಿಲ್ಲದ ನಾಡು ಎಂಬತ್ತಕ್ಕೂ ಮೀರಿ ವರ್ಷಗಳ ತರುವಾಯ ಮತ್ತೆ ಹೊರಗಿನ ಕಲ್ಲಿದ್ದಲನ್ನೇ ನೆಚ್ಚಿತು. ಇದರಲ್ಲಿ ಒಂದು ವಿಷಚಕ್ರವುಂಟು. ಕಲ್ಲಿದ್ದಲಿನ ಹೊಗೆಯಿಂದ ಉಷ್ಣ ಏರಿ ಮಳೆಯ ನಿಯಮ ಕೆಡುವುದು. ಮಳೆ ಕೆಟ್ಟಾಗ ಜಲಾಶಯ ಬರಿದಾಗಿ ಕಲ್ಲಿದ್ದಲು ಹೆಚ್ಚು ಉರಿಯುವುದು. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಆ ವರ್ಷವೇ ವಿದ್ಯುತ್ತಿನ ಕೊರತೆಯೂ, ಕಾವೇರಿಯ ನೀರನ್ನು ತಮಿಳುನಾಡಿಗೆ ಬಿಡುವ ವಿಷಯದ ಬಂದ್‌ಗಳೂ ಒಟ್ಟಿಗೆ ಬಂದುದು ಆಕಸ್ಮಿಕವಲ್ಲ.

ಸೂರ್ಯನ ಶಕ್ತಿಯ ಯುಗವೂ ಈ ನಾಡಿಗೆ ಬಂದಿದೆ. ಮಳೆಯಿಲ್ಲದ ಪಾವಗಡದ ಬಯಲಿನಲ್ಲಿ, ತಿರುಮಣಿ ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆ ಭೂಮಿಯಲ್ಲಿ, 2018ರ ಮಾರ್ಚಿಯಲ್ಲಿ ಉದ್ಘಾಟನೆಗೊಂಡ ಸೌರ ಉದ್ಯಾನವು 2019ರ ವೇಳೆಗೆ 2,050 ಮೆಗಾವಾಟ್‌ಗಳಷ್ಟು ಬೆಳೆಯಿತು. ಇಲ್ಲಿ ಸರ್ಕಾರದವರು ಹಿಂದಿನ ತಪ್ಪಿನಿಂದ ಕಲಿತಂತೆ ಕಾಣುವುದು. ಭೂಮಿಯನ್ನು ಕಸಿದುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಂತೆ, ಎರಡು ವರ್ಷಗಳಿಗೊಮ್ಮೆ ನೂರಕ್ಕೆ ಐದರಂತೆ ಏರಿಸಿ, ರೈತರಿಂದ ಗುತ್ತಿಗೆಗೆ ಪಡೆದರು. ರೈತನು ಒಡೆಯನಿಗೆ ಗೇಣಿ ಅಳೆಯುತ್ತಿದ್ದ ನಾಡಿನಲ್ಲಿ ಸರ್ಕಾರದ ಕಂಪನಿಯು ರೈತನಿಗೆ ಗೇಣಿ ಕೊಡುವಂತಾದುದು ಹೊಸ ಸಂಗತಿಯೇ ಸರಿ. ಆದರೆ ಗೇಣಿ ಬಂದುದು ಪಹಣಿಯಲ್ಲಿ ಹೆಸರುಳ್ಳವರಿಗೆ. ಶೇಂಗಾ ಕೀಳುವ ಕೂಲಿಯನ್ನೂ, ಬೀಳು ಹೊಲಗಳಲ್ಲಿ ಕುರಿ ಮೇಯಿಸುವುದನ್ನೂ ನಂಬಿದ್ದ ನೆಲವಿಲ್ಲದವರಿಗೆ ಆ ಲೆಕ್ಕದಲ್ಲಿ ಸ್ಥಳವಿರಲಿಲ್ಲ. ಗಾಜಿನ ಫಲಕಗಳನ್ನು ತೊಳೆಯಲು, ಹುಲ್ಲು ತೆಗೆಯಲು, ಕಾವಲಿರಲು ಬೇಕಾದ ಆಳುಗಳು ಬಹು ಕಡಮೆ. ಹೊಗೆಯಿಲ್ಲದ ಶಕ್ತಿಯ ವಿಷಯದಲ್ಲಿ ಪ್ಯಾರಿಸಿನಲ್ಲಿಯೂ 2021ರಲ್ಲಿ ಗ್ಲಾಸ್ಗೋವಿನಲ್ಲಿಯೂ ಭಾರತವು ಕೊಟ್ಟ ಮಾತುಗಳು ದೊಡ್ಡವು. ಆ ಮಾತುಗಳ ಭಾರವನ್ನು ಹೊತ್ತ ನೆಲಗಳಲ್ಲಿ ತಿರುಮಣಿಯೂ ಒಂದು.

ಯಾರಿಗಾಗಿ ಶಿವನಸಮುದ್ರದ ಮೊದಲ ತಂತಿಯನ್ನು ಎಳೆದರೋ ಆ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ವಿದ್ಯುದಾಗಾರವು ಮಾತ್ರ ನಿಂತಿಲ್ಲ. ಈಗಿನ ಲೆಕ್ಕಕ್ಕೆ ಅದರ 42 ಮೆಗಾವಾಟ್ ಬಹು ಅಲ್ಪ. 2018ರಲ್ಲಿ ದೆಹಲಿಯಲ್ಲಿ ಏರ್ಪಟ್ಟ ಕಾವೇರಿ ಪ್ರಾಧಿಕಾರದ ಆಜ್ಞೆಯಂತೆ ಕೃಷ್ಣರಾಜಸಾಗರದಿಂದ ಬಿಟ್ಟ ನೀರು, ಶ್ರೀರಂಗಪಟ್ಟಣವನ್ನು ದಾಟಿ, ತಲಕಾಡಿನ ಮರಳನ್ನು ಬಳಸಿ, ಶಿವನಸಮುದ್ರಕ್ಕೆ ಬರುವುದು. ಅಲ್ಲಿ ಅದರ ಒಂದು ಪಾಲು ಹಳೆಯ ನಾಲೆಯನ್ನು ಹೊಕ್ಕು, ಕೊಳಾಯಿಯಲ್ಲಿಳಿದು, ಚಕ್ರವನ್ನು ತಿರುಗಿಸಿ, ಮತ್ತೆ ಕಮರಿಯ ನೀರಿಗೆ ಸೇರಿ ಮೆಟ್ಟೂರಿನ ಕಡೆಗೆ ಹೋಗುವುದು. ಮೆಟ್ಟೂರಿನಲ್ಲಿಯೂ ಕಟ್ಟೆಯ ಬುಡದಲ್ಲಿ ಒಂದು ವಿದ್ಯುದಾಗಾರವಿದೆ.